ಆಮ್ಲ ತಗ್ಗಿಸುವ ಮಾತ್ರೆ ಮತ್ತು ಕರುಳಿನ ನರಸಂದೇಶ

ಹುಳಿತೇಗು, ಎದೆಯುರಿ, ಊಟವಾದ ಮೇಲೆ ಹೊಟ್ಟೆಯುಬ್ಬರ ಇವೆಲ್ಲವನ್ನೂ ನಮ್ಮ ಜನ ಒಟ್ಟಾಗಿ ‘ಗ್ಯಾಸು’ ಎಂದು ಕರೆಯುತ್ತಾರೆ. ಔಷಧದ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದೂ ರೂಢಿಯಾಗಿದೆ. ಅನೇಕ ಮನೆಗಳಲ್ಲಿ ಹಿರಿಯರ ಔಷಧದ ಡಬ್ಬಿಯಲ್ಲಿ ರಕ್ತದೊತ್ತಡದ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆಗೆ ಇದೂ ಒಂದು ಇದ್ದೇ ಇರುತ್ತದೆ. ‘ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ?’ ಎಂದು ವೈದ್ಯರು ಕೇಳಿದಾಗ ಮಾತ್ರ ಇದರ ಹೆಸರು ಬಾಯಿಗೆ ಬರುವುದಿಲ್ಲ. ಇದನ್ನು ಔಷಧವೆಂದು ಎಣಿಸುವುದೇ ಕಡಿಮೆ. ಆದರೆ ಇಂಥ ಮಾತ್ರೆಯೊಂದು ಜಠರದ ಆಮ್ಲವನ್ನಷ್ಟೇ ಅಲ್ಲ, ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನೂ ತಟ್ಟಬಲ್ಲದು. ದೀರ್ಘಕಾಲ ಬಳಕೆಯಲ್ಲಿದ್ದ ರಾನಿಟಿಡಿನ್ ಅದಕ್ಕೆ ಒಳ್ಳೆಯ ನಿದರ್ಶನ.

ಮೊದಲು ಆಮ್ಲದ ವಿಚಾರವನ್ನು ನೋಡೋಣ. ಜಠರದ ಒಳಗೋಡೆಯ ಕೆಲವು ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತವೆ. ಈ ಕೋಶಗಳಿಗೆ ಅಪ್ಪಣೆ ಕೊಡುವ ರಾಸಾಯನಿಕಗಳಲ್ಲಿ ಹಿಸ್ಟಮಿನ್ ಮುಖ್ಯವಾದುದು. ಅದು ಕೋಶದ ಮೇಲಿರುವ ‘ಎಚ್-2’ ಎಂಬ ಗ್ರಾಹಕದಲ್ಲಿ, ಬೀಗಕ್ಕೆ ಕೀಲಿಕೈ ಕೂಡುವಂತೆ, ಕೂಡಿಕೊಂಡಾಗ ಆಮ್ಲದ ಸ್ರಾವ ಹೆಚ್ಚುತ್ತದೆ. ಈ ಗ್ರಾಹಕವನ್ನು ತಡೆಯುವ ಔಷಧವನ್ನು ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು ರೂಪಿಸಿದರು. ಅದರ ಫಲವಾದ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು. 1981ರಲ್ಲಿ ಅದೇ ವರ್ಗದ ರಾನಿಟಿಡಿನ್ ಬಂದಿತು. ಜಠರದ ಹುಣ್ಣಿಗೆ ಶಸ್ತ್ರಕ್ರಿಯೆಯೇ ಗತಿಯೆಂದಿದ್ದ ಎಷ್ಟೋ ರೋಗಿಗಳು ಮಾತ್ರೆಯಿಂದಲೇ ಗುಣಮುಖರಾದರು. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಇನ್ನು ನರಸಂದೇಶದ ವಿಚಾರ. ಕೈಕಾಲಿನ ಸ್ನಾಯುಗಳನ್ನು ನಾವು ಇಚ್ಛೆಯಂತೆ ಆಡಿಸುತ್ತೇವೆ. ಜಠರ, ಕರುಳು, ಮೂತ್ರಕೋಶ ಮತ್ತು ಶ್ವಾಸನಾಳಗಳ ಗೋಡೆಯಲ್ಲಿರುವ ನಯಸ್ನಾಯು ಹಾಗಲ್ಲ. ಅದು ನಮ್ಮ ಅರಿವಿಗೆ ಬಾರದೆಯೇ ಸಂಕುಚಿಸಿ ಸಡಿಲಗೊಳ್ಳುತ್ತದೆ. ಉಂಡ ಅನ್ನ ಮುಂದೆ ಸಾಗುವುದು ಈ ಅಲೆಯಂಥ ಚಲನೆಯಿಂದಲೇ. ನರದ ತುದಿಗೂ ಸ್ನಾಯುವಿಗೂ ನಡುವೆ ಅತಿ ಸೂಕ್ಷ್ಮವಾದ ಅಂತರವಿದೆ. ಅದನ್ನು ದಾಟಿ ಸುದ್ದಿ ಮುಟ್ಟಿಸುವ ದೂತನೆಂದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ.

ಇಂಥ ರಾಸಾಯನಿಕ ದೂತನಿರುವುದನ್ನು ಒಟ್ಟೋ ಲೋವಿ ಎಂಬ ವಿಜ್ಞಾನಿ 1921ರಲ್ಲಿ ಕಪ್ಪೆಯ ಹೃದಯದ ಮೇಲಿನ ಸರಳ ಪ್ರಯೋಗದಿಂದ ತೋರಿಸಿಕೊಟ್ಟರು. ಒಂದು ಹೃದಯದ ವೇಗಸ್ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದಾಗ ಅದರ ಬಡಿತವೂ ನಿಧಾನವಾಯಿತು. ಆ ದ್ರವದಲ್ಲಿದ್ದ ದೂತನೇ ಅಸಿಟೈಲ್‌ಕೋಲಿನ್ ಎಂಬುದು ಬಳಿಕ ಖಚಿತವಾಯಿತು.

ದೂತನು ಸುದ್ದಿ ಮುಟ್ಟಿಸಿದ ಮೇಲೆ ಅಲ್ಲಿಯೇ ನಿಂತರೆ ಸ್ನಾಯು ಸಂಕುಚಿಸಿಕೊಂಡೇ ಇರಬೇಕಾಗುತ್ತದೆ. ಅದಕ್ಕಾಗಿ ಶರೀರದಲ್ಲಿ ಒಂದು ವ್ಯವಸ್ಥೆಯಿದೆ. ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವು ಆ ದೂತನನ್ನು ಕೂಡಲೇ ಒಡೆದುಹಾಕುತ್ತದೆ. ರಾನಿಟಿಡಿನ್ ತನ್ನ ಎರಡನೆಯ ಕೆಲಸವನ್ನು ಮಾಡುವುದು ಇಲ್ಲಿಯೇ. ಎಚ್-2 ಗ್ರಾಹಕವನ್ನು ತಡೆಯುವುದರ ಜೊತೆಗೆ, ಈ ಕಿಣ್ವಕ್ಕೂ ಅದು ಅಷ್ಟಿಷ್ಟು ಅಡ್ಡಿಯುಂಟುಮಾಡುತ್ತದೆ. ಆಗ ಅಸಿಟೈಲ್‌ಕೋಲಿನ್ ತುಸು ಹೆಚ್ಚು ಹೊತ್ತು ಉಳಿಯುತ್ತದೆ, ನಯಸ್ನಾಯುವಿಗೆ ಸಂದೇಶ ಗಟ್ಟಿಯಾಗಿ ಕೇಳಿಸುತ್ತದೆ, ಸಂಕೋಚನ ಬಲವಾಗುತ್ತದೆ.

ಪ್ರಯೋಗಾಲಯದಲ್ಲಿ ಪ್ರಾಣಿಯ ಕರುಳಿನ ತುಂಡನ್ನು ಪೋಷಕ ದ್ರವದಲ್ಲಿಟ್ಟು ಈ ಔಷಧವನ್ನು ಸೇರಿಸಿದಾಗ ಅದರ ಚಲನೆ ಹೆಚ್ಚುವುದು ಕಂಡುಬಂದಿದೆ. ಅಸಿಟೈಲ್‌ಕೋಲಿನ್ನಿನ ಗ್ರಾಹಕವನ್ನು ಮುಚ್ಚುವ ಅಟ್ರೊಪಿನ್ ಕೊಟ್ಟರೆ ಆ ಪರಿಣಾಮ ಅಡಗುತ್ತದೆ. ಆದುದರಿಂದ ಇದು ಆಮ್ಲ ತಗ್ಗಿದ್ದರ ಫಲವಲ್ಲ, ನರಸಂದೇಶದ ಫಲವೆಂದು ತಿಳಿಯುತ್ತದೆ. ಇದೇ ವರ್ಗದ ನಿಜಾಟಿಡಿನ್‌ಗೂ ಈ ಗುಣವಿದೆ. ಫ್ಯಾಮೊಟಿಡಿನ್‌ಗೆ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಕೆಲಸಕ್ಕೆ ಕೊಡುವ ಮಾತ್ರೆಗಳೆಲ್ಲವೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಹಾಗೆಂದು ಗಾಬರಿಪಡಬೇಕಾಗಿಲ್ಲ. ಸಾಮಾನ್ಯ ಪ್ರಮಾಣದ ಮಾತ್ರೆಯಲ್ಲಿ ಈ ಪರಿಣಾಮ ಸೌಮ್ಯವಾದುದು. ಬಹುಪಾಲು ಜನರಿಗೆ ಅದರ ಅರಿವೂ ಆಗುವುದಿಲ್ಲ. ಆದರೆ ರಕ್ತದಲ್ಲಿ ಔಷಧದ ಮಟ್ಟ ಏರಿದಾಗ ಮಾತು ಬೇರೆ. ರಾನಿಟಿಡಿನ್ ಚುಚ್ಚುಮದ್ದನ್ನು ರಕ್ತನಾಳಕ್ಕೆ ವೇಗವಾಗಿ ಕೊಟ್ಟಾಗ ಹೃದಯದ ಬಡಿತ ತಗ್ಗಿದ ಪ್ರಸಂಗಗಳು ವರದಿಯಾಗಿವೆ. ಅದಕ್ಕೆಂದೇ ಅದನ್ನು ನಿಧಾನವಾಗಿ ಕೊಡಬೇಕೆಂಬ ನಿಯಮವಿದೆ. ಈ ಔಷಧ ಬಹುಮಟ್ಟಿಗೆ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾಗಿರುವ ಹಿರಿಯರಲ್ಲಿ ಅದು ಶರೀರದಲ್ಲಿಯೇ ಉಳಿದು ಮನಸ್ಸಿಗೆ ಗೊಂದಲವನ್ನು ತರಬಹುದು. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಕೂಡ ಇದೇ ಕಿಣ್ವವನ್ನು ತಡೆಯುವ ಔಷಧವಾದುದರಿಂದ, ಅಂಥವರು ತಾವಾಗಿಯೇ ಬೇರೆ ಮಾತ್ರೆಗಳನ್ನು ಸೇರಿಸಿಕೊಳ್ಳುವುದು ತರವಲ್ಲ.

ಇದೇ ಕಿಣ್ವವನ್ನು ತಡೆಯುವ ಗುಣ ಉಪಕಾರಕ್ಕೂ ಒದಗಿದೆ. ಅಕೋಟಿಯಮೈಡ್ ಎಂಬ ಔಷಧವನ್ನು ಈ ಕಾರಣಕ್ಕಾಗಿಯೇ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವ ಅಜೀರ್ಣಕ್ಕೆಂದು, ಜಪಾನಿನಲ್ಲಿ 2013ರಲ್ಲಿ ಮಾನ್ಯಮಾಡಲಾಯಿತು. ಒಬ್ಬರಿಗೆ ಬೇಡದ ಪರಿಣಾಮವೇ ಇನ್ನೊಬ್ಬರಿಗೆ ಚಿಕಿತ್ಸೆಯಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ನಿರ್ಣಯಿಸಬೇಕಾದವರು ವೈದ್ಯರು.

ರಾನಿಟಿಡಿನ್ ಬಗ್ಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಾಲ ಕಳೆದಂತೆ, ಅದರಲ್ಲೂ ಬಿಸಿ ತಗುಲಿದಾಗ, ಈ ಮಾತ್ರೆಯಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ವಸ್ತು ಹೆಚ್ಚಬಹುದೆಂದು ತಿಳಿದುಬಂದುದರಿಂದ ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ಇದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಸೂಚಿಸಲಾಯಿತು. ನಮ್ಮ ದೇಶದ ಅತ್ಯವಶ್ಯಕ ಔಷಧಗಳ ಪಟ್ಟಿಯಿಂದಲೂ 2022ರಲ್ಲಿ ಇದನ್ನು ಕೈಬಿಡಲಾಗಿದೆ. ಹಳೆಯ ಪಟ್ಟಿಗಳು ಮನೆಯಲ್ಲಿದ್ದರೆ ಅವುಗಳನ್ನು ಬಳಸದೆ ವೈದ್ಯರನ್ನು ಕೇಳುವುದು ಲೇಸು.

ಓದುಗ ಬಂಧುಗಳು ನೆನಪಿಡಬೇಕಾದುದು ಇಷ್ಟು. ವೈದ್ಯರು ಕೊಟ್ಟ ಆಮ್ಲದ ಮಾತ್ರೆಯನ್ನು ಈ ಲೇಖನ ಓದಿ ತಾವಾಗಿಯೇ ನಿಲ್ಲಿಸಬೇಡಿ. ಅವರು ಹೇಳದೆ ತಿಂಗಳುಗಟ್ಟಲೆ ಮುಂದುವರಿಸಲೂ ಬೇಡಿ. ಆಸ್ಪತ್ರೆಗೆ ಹೋಗುವಾಗ ಮನೆಯ ಹಿರಿಯರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮಲ ಕಪ್ಪಾಗುವುದು, ವಾಂತಿಯಲ್ಲಿ ರಕ್ತ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇವು ‘ಗ್ಯಾಸು’ ಅಲ್ಲ. ಎದೆಯಲ್ಲಿ ಒತ್ತಿದಂಥ ನೋವು, ಬೆವರು, ಉಸಿರುಗಟ್ಟಿದಂತಾಗುವುದು ಕಂಡರಂತೂ ಮಾತ್ರೆ ನುಂಗಿ ಕಾಯುತ್ತ ಕುಳಿತುಕೊಳ್ಳದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಉಳಿದಂತೆ ಹಿತಮಿತವಾದ ಊಟ, ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಗಳ ಬಿಡುವು, ತಂಬಾಕಿನಿಂದ ದೂರ ಇವುಗಳನ್ನು ಪಾಲಿಸಿದರೆ ಅನೇಕರಿಗೆ ಎದೆಯುರಿ ತಗ್ಗುತ್ತದೆ. ಶರೀರದಲ್ಲಿ ಯಾವ ಅಂಗವೂ ಒಂಟಿಯಾಗಿಲ್ಲ. ಒಂದೆಡೆ ಕೊಟ್ಟ ಔಷಧ ಇನ್ನೊಂದೆಡೆಯೂ ಕೆಲಸ ಮಾಡೀತೆಂಬ ಎಚ್ಚರ ನಮಗಿರಬೇಕು.