ವಿಶ್ವಪರಿಮಾಣವಿಚಾರ: ೧೯೨೦ರ ವಾದವೂ ಅದರ ಹೇತುಪರೀಕ್ಷೆಯೂ

೧

ವಾದವೆಂಬ ಶಬ್ದವು ಲೋಕವ್ಯವಹಾರದಲ್ಲಿ ಬಹುಮಟ್ಟಿಗೆ ಕಲಹವೆಂಬ ಅರ್ಥದಲ್ಲಿಯೇ ರೂಢವಾಗಿದೆ. ಶಾಸ್ತ್ರದಲ್ಲಿ ಅದರ ಅರ್ಥವು ಬೇರೆ. ಗೌತಮನ ನ್ಯಾಯಸೂತ್ರಗಳಲ್ಲಿ ಎಣಿಸಿರುವ ಹದಿನಾರು ಪದಾರ್ಥಗಳಲ್ಲಿ ವಾದ, ಜಲ್ಪ, ವಿತಂಡೆ ಎಂಬ ಮೂರೂ ಸೇರಿವೆ. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ಇಬ್ಬರು ಪ್ರಮಾಣತರ್ಕಗಳನ್ನು ಮುಂದಿಟ್ಟುಕೊಂಡು, ಪಕ್ಷಪ್ರತಿಪಕ್ಷಗಳನ್ನು ಹಿಡಿದು ನಡೆಸುವ ಸಂಭಾಷಣೆಯು ವಾದ. ಗೆಲ್ಲಬೇಕೆಂಬುದೇ ಮುಖ್ಯವಾದಲ್ಲಿ ಅದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಮಾತನ್ನು ಮುರಿಯುವುದಷ್ಟೇ ಆದರೆ ಅದು ವಿತಂಡೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೂ, ಒಂದೇ ವಿದ್ಯೆಯನ್ನು ಬಲ್ಲವರು ತಮ್ಮೊಳಗೆ ನಡೆಸುವ ಮಾತುಕತೆಗೆ ತದ್ವಿದ್ಯಸಂಭಾಷೆಯೆಂಬ ಹೆಸರಿದೆ. ಸ್ನೇಹಪೂರ್ವಕವಾದುದು ಸಂಧಾಯಸಂಭಾಷೆ, ಸ್ಪರ್ಧಾಪೂರ್ವಕವಾದುದು ವಿಗೃಹ್ಯಸಂಭಾಷೆ ಎಂದು ಅದನ್ನು ಎರಡು ಬಗೆಯಾಗಿ ವಿಂಗಡಿಸಿದೆ.

ವಿಶ್ವದ ಪರಿಮಾಣವೆಷ್ಟು, ಸ್ವರೂಪವೇನು ಎಂಬ ವಿಷಯದಲ್ಲಿ ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ನಡೆಸಿದ ಸಂಭಾಷಣೆಗಳನ್ನು ತಿಳಿಯುವುದಕ್ಕೆ ಈ ಪರಿಭಾಷೆಯು ಬಹಳ ಉಪಕಾರಿಯಾಗಿದೆ. ಆಧುನಿಕ ಖಗೋಳಶಾಸ್ತ್ರದ ಸಿದ್ಧಾಂತಗಳೆಲ್ಲವೂ ಪ್ರಾಚೀನ ಗ್ರಂಥಗಳಲ್ಲಿ ಮೊದಲೇ ಇದ್ದುವೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಅಂತಹ ಮಾತಿನಿಂದ ಶಾಸ್ತ್ರಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಪ್ರಯೋಜನವಿಲ್ಲ. ನೈಯಾಯಿಕರು ದೂರದ ಗೆಲಾಕ್ಸಿಗಳನ್ನು ಕಂಡವರಲ್ಲ. ಹೇತುವು ಎಲ್ಲಿ ಕೆಡುತ್ತದೆಂಬುದನ್ನು ಕಂಡವರು. ಆ ಕಣ್ಣಿನಿಂದ ೧೯೨೦ರ ಒಂದು ಪ್ರಸಿದ್ಧ ವಾದವನ್ನು ಪರೀಕ್ಷಿಸಿದರೆ, ಅದರಲ್ಲಿ ಗೆದ್ದವರಾರು ಎಂಬ ಸಾಮಾನ್ಯ ಪ್ರಶ್ನೆಗಿಂತ ಹೆಚ್ಚಿನ ವಿಷಯವು ತಿಳಿದುಬರುತ್ತದೆ.

೨

೧೯೨೦ನೆಯ ಇಸವಿ ಏಪ್ರಿಲ್ ೨೬ನೆಯ ದಿನ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ, ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿ, ಹಾರ್ಲೊ ಶ್ಯಾಪ್ಲಿ ಮತ್ತು ಹೀಬರ್ ಕರ್ಟಿಸ್ ಎಂಬ ಇಬ್ಬರು ಜ್ಯೋತಿರ್ವಿದರು ಒಂದೇ ಸಭೆಯಲ್ಲಿ ಮಾತನಾಡಿದರು. ಆ ಉಪನ್ಯಾಸಕ್ಕೆ ಸಾಪೇಕ್ಷತಾವಾದವನ್ನು ವಿಷಯವಾಗಿ ಇಡಬಹುದೆಂಬ ಆಲೋಚನೆಯೂ ಮೊದಲು ಇದ್ದಿತು. ಕಡೆಗೆ ವಿಶ್ವದ ಪರಿಮಾಣವೇ ವಿಷಯವೆಂದು ನಿಶ್ಚಯವಾಯಿತು. ಶ್ಯಾಪ್ಲಿಯು ಮೌಂಟ್ ವಿಲ್ಸನ್ ವೇಧಶಾಲೆಯವನು, ವಯಸ್ಸು ೩೪. ಕರ್ಟಿಸನು ಲಿಕ್ ವೇಧಶಾಲೆಯವನು, ವಯಸ್ಸು ೪೭. ಇಬ್ಬರೂ ಕ್ಯಾಲಿಫೋರ್ನಿಯದಿಂದ ಒಂದೇ ರೈಲಿನಲ್ಲಿ ಪ್ರಯಾಣಮಾಡಿದರೆಂದೂ, ದಾರಿಯಲ್ಲಿ ವಾದದ ವಿಷಯವನ್ನು ಎತ್ತದೆ ಹೂಗಿಡಗಳು, ಪ್ರಾಚೀನ ಸಾಹಿತ್ಯ ಮೊದಲಾದುವನ್ನು ಕುರಿತೇ ಮಾತನಾಡಿಕೊಂಡರೆಂದೂ ಶ್ಯಾಪ್ಲಿಯು ಅನಂತರ ಸ್ಮರಿಸಿಕೊಂಡಿದ್ದಾನೆ.

ಆ ಸಾಯಂಕಾಲದ ಸಭೆಯಲ್ಲಿ ಜಲ್ಪದ ಆಕರ್ಷಣೆಯು ಇಲ್ಲದಿರಲಿಲ್ಲ. ಶ್ಯಾಪ್ಲಿಯ ಹೆಸರು ಆಗ ಹಾರ್ವರ್ಡ್ ವೇಧಶಾಲೆಯ ನಿರ್ದೇಶಕಪದವಿಗೆ ಪರಿಶೀಲನೆಯಲ್ಲಿದ್ದಿತು. ಅವನು ಸಾಮಾನ್ಯರಿಗೂ ತಿಳಿಯುವಂತೆ ಬರೆದುಕೊಂಡು ಬಂದ ಉಪನ್ಯಾಸವನ್ನು ಓದಿದನು. ಕರ್ಟಿಸನು ಶಾಸ್ತ್ರೀಯವಾಗಿ ಪಕ್ಷವನ್ನು ಮಂಡಿಸಿದನು. ಆದರೆ ನಿಜವಾದ ವಾದವು ಸಭೆಯಲ್ಲಿ ಮುಗಿಯಲಿಲ್ಲ. ೧೯೨೧ರ ಮೇ ತಿಂಗಳಿನಲ್ಲಿ ಇಬ್ಬರ ಲೇಖನಗಳೂ ಒಟ್ಟಿಗೆ ಪ್ರಕಟವಾದುವು. ಅದಕ್ಕೆ ಮುಂಚೆ ಅವರು ತಮ್ಮ ಬರಹಗಳನ್ನು ಪರಸ್ಪರ ಕಳುಹಿಸಿಕೊಂಡು, ಎದುರು ಪಕ್ಷದ ಆಕ್ಷೇಪಗಳನ್ನು ನೋಡಿ, ತಮ್ಮ ಮಾತನ್ನು ವಿಸ್ತರಿಸಿಕೊಂಡರು. ಸಂಧಾಯಸಂಭಾಷೆಯ ಲಕ್ಷಣವು ಇದೇ ಆಗಿದೆ.

೩

ವಿವಾದದ ವಿಷಯಗಳು ಎರಡು. ಸೂರ್ಯನಿರುವ ಆಕಾಶಗಂಗೆಯ ವಿಸ್ತಾರವೆಷ್ಟು ಎಂಬುದು ಮೊದಲನೆಯದು. ಆಕಾಶದಲ್ಲಿ ಮಸಕಾಗಿ ಕಾಣುವ ಸುರುಳಿ ನೀಹಾರಿಕೆಗಳು ಆಕಾಶಗಂಗೆಗೆ ಸೇರಿದುವೋ, ಅಥವಾ ಅದಕ್ಕೆ ಹೊರಗೆ ಬಹುದೂರದಲ್ಲಿದ್ದು ತಾವೇ ಒಂದೊಂದು ಆಕಾಶಗಂಗೆಯಂತಿರುವ ದ್ವೀಪವಿಶ್ವಗಳೋ ಎಂಬುದು ಎರಡನೆಯದು.

ಶ್ಯಾಪ್ಲಿಯ ಪಕ್ಷದಲ್ಲಿ ಆಕಾಶಗಂಗೆಯ ವ್ಯಾಸವು ಸುಮಾರು ೩ ಲಕ್ಷ ಜ್ಯೋತಿರ್ವರ್ಷಗಳು. ಸೂರ್ಯನು ಅದರ ಮಧ್ಯದಲ್ಲಿಲ್ಲ, ಕೇಂದ್ರವು ಧನೂರಾಶಿಯ ದಿಕ್ಕಿನಲ್ಲಿ ಬಹುದೂರದಲ್ಲಿದೆ. ಸುರುಳಿ ನೀಹಾರಿಕೆಗಳು ಆಕಾಶಗಂಗೆಗೆ ಸಮಾನವಾದ ಬೇರೆ ವಿಶ್ವಗಳಲ್ಲ. ಕರ್ಟಿಸನ ಪಕ್ಷದಲ್ಲಿ ಆ ವ್ಯಾಸವು ಸುಮಾರು ೩೦ ಸಾವಿರ ಜ್ಯೋತಿರ್ವರ್ಷಗಳು ಮಾತ್ರ. ಸೂರ್ಯನು ಮಧ್ಯಕ್ಕೆ ಸಮೀಪದಲ್ಲಿಯೇ ಇದ್ದಾನೆ. ಸುರುಳಿ ನೀಹಾರಿಕೆಗಳು ದ್ವೀಪವಿಶ್ವಗಳು.

ಈಗ ಸಿದ್ಧವಾಗಿರುವ ನಿರ್ಣಯವೇನೆಂದರೆ, ಆಕಾಶಗಂಗೆಯ ವ್ಯಾಸವು ಸುಮಾರು ೧ ಲಕ್ಷ ಜ್ಯೋತಿರ್ವರ್ಷಗಳು. ಸೂರ್ಯನು ಕೇಂದ್ರದಿಂದ ಸುಮಾರು ೨೬ ಸಾವಿರ ಜ್ಯೋತಿರ್ವರ್ಷಗಳ ದೂರದಲ್ಲಿದ್ದಾನೆ. ಸುರುಳಿ ನೀಹಾರಿಕೆಗಳು ಬೇರೆ ಬೇರೆ ಗೆಲಾಕ್ಸಿಗಳೇ ಆಗಿವೆ. ಎಂದರೆ ಸೂರ್ಯಸ್ಥಾನದ ವಿಷಯದಲ್ಲಿ ಶ್ಯಾಪ್ಲಿಯ ಮಾತೂ, ನೀಹಾರಿಕೆಗಳ ವಿಷಯದಲ್ಲಿ ಕರ್ಟಿಸನ ಮಾತೂ ನಿಂತವು. ಪರಿಮಾಣದ ವಿಷಯದಲ್ಲಿ ಇಬ್ಬರೂ ತಪ್ಪಿದರು, ಒಬ್ಬನು ಹೆಚ್ಚಾಗಿ, ಒಬ್ಬನು ಕಡಮೆಯಾಗಿ. ಇಬ್ಬರೂ ನಿಪುಣರು, ಇಬ್ಬರೂ ಪ್ರಾಮಾಣಿಕರು. ಹಾಗಿರುವಲ್ಲಿ ಈ ಅರೆಸತ್ಯಗಳು ಹೇಗೆ ಉಂಟಾದುವು? ಹೇತುಗಳನ್ನು ಒಂದೊಂದಾಗಿ ಪರೀಕ್ಷಿಸಿದಲ್ಲದೆ ಇದಕ್ಕೆ ಉತ್ತರವು ದೊರೆಯದು.

೪

ಶ್ಯಾಪ್ಲಿಯ ಪಕ್ಷಕ್ಕೆ ಪ್ರಬಲವಾಗಿ ತೋರಿದ ಹೇತುವು ಅವನ ಮಿತ್ರನಾದ ಆಡ್ರಿಯನ್ ವಾನ್ ಮಾನೆನ್ನನ ಅಳತೆಗಳಿಂದ ಬಂದುದು. ಕೆಲವು ವರ್ಷಗಳ ಅಂತರದಲ್ಲಿ ತೆಗೆದ ಛಾಯಾಚಿತ್ರಗಳನ್ನು ಹೋಲಿಸಿ, ಸುರುಳಿ ನೀಹಾರಿಕೆಗಳು ತಿರುಗುವುದು ಅಳತೆಗೆ ಸಿಕ್ಕುತ್ತದೆಂದು ಅವನು ಹೇಳಿದ್ದನು. ನೀಹಾರಿಕೆಯು ಹತ್ತಾರು ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದ್ದು ಅಷ್ಟು ಬೇಗನೆ ತಿರುಗುವುದಾದರೆ, ಅದರ ಅಂಚು ಬೆಳಕಿಗಿಂತಲೂ ವೇಗವಾಗಿ ಚಲಿಸಬೇಕಾಗುತ್ತದೆ. ಇದು ಅನಿಷ್ಟಪ್ರಸಂಗವಾದುದರಿಂದ ನೀಹಾರಿಕೆಗಳು ಸಮೀಪದಲ್ಲಿಯೇ ಇರಬೇಕು. ತರ್ಕದ ಸರಣಿಯಲ್ಲಿ ಇಲ್ಲಿ ದೋಷವೇ ಇಲ್ಲ. ಕರ್ಟಿಸನೂ ಅದನ್ನು ಒಪ್ಪಿ, ಆ ಅಳತೆಗಳು ದೃಢಪಟ್ಟಲ್ಲಿ ತನ್ನ ಪಕ್ಷವನ್ನು ಬಿಡಬೇಕಾಗುವುದೆಂದು ಮುಚ್ಚುಮರೆಯಿಲ್ಲದೆ ಹೇಳಿದನು. ಆದರೆ ಅಳತೆಗಳೇ ತಪ್ಪಾಗಿದ್ದುವು. ೧೯೩೫ರಲ್ಲಿ ಎಡ್ವಿನ್ ಹಬಲ್ಲನು ಪುನಃ ಅಳೆದು, ಅಂತಹ ಚಲನೆಯು ಅಲ್ಲಿ ಕಾಣುವುದಿಲ್ಲವೆಂದು ತೋರಿಸಿದನು. ಪಕ್ಷದಲ್ಲಿ ಹೇತುವೇ ಇಲ್ಲದಿರುವ ಈ ದೋಷವನ್ನು ನೈಯಾಯಿಕರು ಸ್ವರೂಪಾಸಿದ್ಧಿಯೆಂದು ಕರೆಯುತ್ತಾರೆ. ವ್ಯಾಪ್ತಿಯು ಎಷ್ಟು ಶುದ್ಧವಾಗಿದ್ದರೂ ಹೇತುವು ಪಕ್ಷದಲ್ಲಿಲ್ಲದಿದ್ದರೆ ಅನುಮಾನವು ಹುಟ್ಟಲಾರದು.

ಎರಡನೆಯ ಹೇತುವು ೧೮೮೫ರಲ್ಲಿ ಆಂಡ್ರೊಮಿಡಾ ನೀಹಾರಿಕೆಯಲ್ಲಿ ಉರಿದೆದ್ದ ನವ್ಯತಾರೆಯದು. ಅದೊಂದರ ಬೆಳಕೇ ಇಡೀ ನೀಹಾರಿಕೆಯ ಬೆಳಕಿನ ಸುಮಾರು ಹತ್ತನೆಯ ಒಂದು ಪಾಲಿನಷ್ಟಿದ್ದಿತು. ನೀಹಾರಿಕೆಯು ಅತಿದೂರದಲ್ಲಿದ್ದರೆ ಆ ತಾರೆಯ ನಿಜವಾದ ಕಾಂತಿಯು ಊಹೆಗೂ ಮೀರಿದುದಾಗುತ್ತದೆಂದು ಶ್ಯಾಪ್ಲಿಯು ಆಕ್ಷೇಪಿಸಿದನು. ಕರ್ಟಿಸನು, ನೀಹಾರಿಕೆಗಳಲ್ಲಿ ಆಮೇಲೆ ಕಂಡ ನವ್ಯತಾರೆಗಳು ಬಹಳ ಮಂಕಾಗಿವೆಯೆಂದೂ, ನವ್ಯತಾರೆಗಳಲ್ಲಿಯೇ ಎರಡು ಜಾತಿಗಳಿರಬಹುದೆಂದೂ ಸಮಾಧಾನ ಹೇಳಿದನು. ೧೯೩೪ರಲ್ಲಿ ವಾಲ್ಟರ್ ಬಾಡೆ ಮತ್ತು ಫ್ರಿಟ್ಸ್ ಜ್ವಿಕಿ ಎಂಬುವರು ಮಹಾನವ್ಯತಾರೆ, ಎಂದರೆ ಸೂಪರ್‌ನೋವಾ, ಎಂಬ ಬೇರೆಯ ಜಾತಿಯನ್ನೇ ಗುರುತಿಸಿದರು. ಒಂದೇ ಶಬ್ದದಿಂದ ಎರಡು ಪದಾರ್ಥಗಳನ್ನು ಕರೆದುದರಿಂದ ಹೇತುವು ಸವ್ಯಭಿಚಾರವಾಯಿತು. ಶಬ್ದಾರ್ಥವಿಚಾರದಲ್ಲಿ ತೊಡಗಿದವರಿಗೆ ಈ ದೋಷವು ಹೊಸದಲ್ಲ. ನಾನಾರ್ಥಕವಾದ ಪದವನ್ನು ಏಕಾರ್ಥಕವೆಂದು ಹಿಡಿದರೆ ಶ್ಲೋಕದ ಅನ್ವಯವು ಕೆಡುವಂತೆ ಇಲ್ಲಿ ವಿಶ್ವದ ಅಳತೆಯೇ ಕೆಟ್ಟಿತು.

ಕರ್ಟಿಸನ ಹೇತುವಿನಲ್ಲಿಯೂ ಲೋಪವಿದ್ದಿತು. ಸೂರ್ಯನ ಸುತ್ತಲೂ ಹೊರಹೊರಗೆ ಹೋದಂತೆ ನಕ್ಷತ್ರಗಳು ವಿರಳವಾಗಿ ಕಾಣುತ್ತವೆ. ಆದುದರಿಂದ ಆಕಾಶಗಂಗೆಯು ಚಿಕ್ಕದು, ಸೂರ್ಯನು ಅದರ ನಡುವೆ ಇರುವವನು ಎಂಬುದು ನಕ್ಷತ್ರಗಣನೆಯಿಂದ ಆಗ ಬಂದಿದ್ದ ಅನುಮಾನ. ೧೯೩೦ರಲ್ಲಿ ರಾಬರ್ಟ್ ಟ್ರಂಪ್ಲರನು, ನಕ್ಷತ್ರಗಳ ನಡುವಣ ಅವಕಾಶದಲ್ಲಿ ಧೂಳು ಹರಡಿದ್ದು ದೂರದ ಬೆಳಕನ್ನು ತಡೆಯುತ್ತದೆಂದು ತೋರಿಸಿದನು. ಕಾಣದಿರುವುದರಿಂದ ಇಲ್ಲವೆಂದು ಹೇಳಬೇಕಾದರೆ, ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಯೋಗ್ಯತೆಯು ಇರಬೇಕು; ಇದನ್ನೇ ಶಾಸ್ತ್ರದಲ್ಲಿ ಯೋಗ್ಯಾನುಪಲಬ್ಧಿಯೆಂದು ಹೇಳುತ್ತಾರೆ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದ ಮಾತ್ರಕ್ಕೆ ಗಡಿಗೆಯಿಲ್ಲವೆನ್ನಲಾಗದು. ಬೇರೆ ನೀಹಾರಿಕೆಗಳ ಅಂಚಿನಲ್ಲಿ ಕಪ್ಪು ಪಟ್ಟಿಯನ್ನು ಕಂಡು, ಆಕಾಶಗಂಗೆಯಲ್ಲಿಯೂ ಅಂತಹ ಆವರಣವಿರಬಹುದೆಂದು ಊಹಿಸಿದವನು ಕರ್ಟಿಸನೇ. ಸುರುಳಿ ನೀಹಾರಿಕೆಗಳು ಆಕಾಶಗಂಗೆಯ ಪಟ್ಟಿಯಲ್ಲಿ ಏಕೆ ಕಾಣುವುದಿಲ್ಲವೆಂಬುದಕ್ಕೆ ಅವನು ಕೊಟ್ಟ ಸಮಾಧಾನವದು. ಆ ಯುಕ್ತಿಯನ್ನು ಅವನು ತನ್ನ ನಕ್ಷತ್ರಗಣನೆಗೆ ಅನ್ವಯಿಸಲಿಲ್ಲ.

೫

ನೀಹಾರಿಕೆಗಳ ಪ್ರಶ್ನೆಯನ್ನು ತೀರ್ಮಾನಿಸಿದುದು ಮಾತಿನ ಚಾತುರ್ಯವಲ್ಲ, ಹೊಸದೊಂದು ಪ್ರತ್ಯಕ್ಷ. ಕಾಂತಿಯು ಕ್ರಮವಾಗಿ ಏರಿಳಿಯುವ ಸೀಫಿಯಿಡ್ ಎಂಬ ತಾರೆಗಳಲ್ಲಿ ಏರಿಳಿತದ ಅವಧಿಯು ದೀರ್ಘವಾದಷ್ಟೂ ನಿಜಕಾಂತಿಯು ಹೆಚ್ಚೆಂಬ ನಿಯಮವನ್ನು ಹೆನ್ರಿಯೆಟಾ ಲೀವಿಟ್ ಎಂಬ ವಿದುಷಿಯು ೧೯೧೨ರಲ್ಲಿ ಪ್ರಕಟಿಸಿದ್ದಳು. ಅವಧಿಯಿಂದ ನಿಜಕಾಂತಿಯನ್ನೂ, ಅದರಿಂದ ದೂರವನ್ನೂ ತಿಳಿಯಬಹುದಾಯಿತು. ಶ್ಯಾಪ್ಲಿಯು ಆಕಾಶಗಂಗೆಯನ್ನು ಅಳೆದುದು ಈ ಸಾಧನದಿಂದಲೇ. ಕರ್ಟಿಸನು ಅದನ್ನು ಸಂಶಯಿಸಿದ್ದನು. ೧೯೨೩ರ ಅಕ್ಟೋಬರಿನಲ್ಲಿ ಹಬಲ್ಲನು ಮೌಂಟ್ ವಿಲ್ಸನ್ನಿನ ೧೦೦ ಅಂಗುಲದ ದೂರದರ್ಶಕದಿಂದ ಆಂಡ್ರೊಮಿಡಾ ನೀಹಾರಿಕೆಯಲ್ಲಿಯೇ ಒಂದು ಸೀಫಿಯಿಡ್ ತಾರೆಯನ್ನು ಕಂಡನು. ಅದರ ಅವಧಿಯು ಸುಮಾರು ೩೧ ದಿನಗಳು. ಲೆಕ್ಕಹಾಕಿದಾಗ ನೀಹಾರಿಕೆಯು ಶ್ಯಾಪ್ಲಿಯ ಹಿರಿದಾದ ಆಕಾಶಗಂಗೆಗೂ ಬಹಳ ಹೊರಗೆ ಇದ್ದಿತು. ೧೯೨೪ರಲ್ಲಿ ಈ ಸಂಗತಿಯನ್ನು ತಿಳಿಸುವ ಪತ್ರವು ಬಂದಾಗ, ತನ್ನ ವಿಶ್ವವನ್ನು ಕೆಡವಿದ ಪತ್ರವು ಇದೇ ಎಂದು ಶ್ಯಾಪ್ಲಿಯು ಹೇಳಿದನಂತೆ. ಒಬ್ಬನ ಸಾಧನದಿಂದ ಮತ್ತೊಬ್ಬನ ಸಾಧ್ಯವು ಸಿದ್ಧವಾದುದು ಈ ವಾದದ ಮುಖ್ಯ ಸ್ವಾರಸ್ಯವಾಗಿದೆ.

ಆ ಸಾಧನವೂ ಪೂರ್ಣವಾಗಿ ಶುದ್ಧವಾಗಿರಲಿಲ್ಲ. ಸೀಫಿಯಿಡ್ ತಾರೆಗಳಲ್ಲಿಯೂ ಎರಡು ಜಾತಿಗಳಿವೆಯೆಂದು ಬಾಡೆಯು ೧೯೫೨ರಲ್ಲಿ ತಿಳಿಸಿದನು. ಆಗ ಆಂಡ್ರೊಮಿಡಾದ ದೂರವು ಸುಮಾರು ಇಮ್ಮಡಿಯಾಯಿತು. ಈಗ ಅದು ಸುಮಾರು ೨೫ ಲಕ್ಷ ಜ್ಯೋತಿರ್ವರ್ಷಗಳೆಂದು ಒಪ್ಪಲ್ಪಟ್ಟಿದೆ. ನವ್ಯತಾರೆಯಲ್ಲಿ ಕಂಡ ನಾನಾರ್ಥದೋಷವೇ ಇಲ್ಲಿಯೂ ಕಾಣುತ್ತದೆ. ಆದರೆ ದೂರದ ಪ್ರಮಾಣವು ಬದಲಾದರೂ ನೀಹಾರಿಕೆಯು ಹೊರಗಿದೆಯೆಂಬ ನಿರ್ಣಯವು ಅಲುಗಲಿಲ್ಲ.

೬

ಹೇತುವನ್ನು ಒಪ್ಪಿಯೂ ಸಾಧ್ಯವನ್ನು ಒಪ್ಪದ ಸಂಭಾಷಣೆಯೊಂದು ೧೯೨೭ರ ಅಕ್ಟೋಬರಿನಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆಯಿತು. ಬೆಲ್ಜಿಯಂ ದೇಶದ ಪಾದ್ರಿಯೂ ಗಣಿತಜ್ಞನೂ ಆದ ಜಾರ್ಜ್ ಲೆಮೈತ್ರನು ಅದೇ ವರ್ಷ ವಿಶ್ವವು ಹಿಗ್ಗುತ್ತಿದೆಯೆಂದು ಪ್ರತಿಪಾದಿಸುವ ಲೇಖನವನ್ನು ಪ್ರಕಟಿಸಿದ್ದನು. ಸಾಲ್ವೇ ಸಮ್ಮೇಳನಕ್ಕೆ ಬಂದಿದ್ದ ಐನ್‌ಸ್ಟೈನನು ಅವನನ್ನು ಕಂಡಾಗ, ಗಣಿತವು ಸರಿಯಾಗಿದೆಯೆಂದು ಒಪ್ಪಿ, ಅದರಿಂದ ತೆಗೆದ ಭೌತಾರ್ಥವನ್ನು ಮಾತ್ರ ಕಟುವಾಗಿ ತಿರಸ್ಕರಿಸಿದನು. ವಿಶ್ವವು ಸ್ಥಿರವೆಂಬುದು ಅವನಿಗೆ ಪರೀಕ್ಷಿಸಬೇಕಾದ ಪಕ್ಷವಾಗಿ ತೋರದೆ ಸಿದ್ಧಾಂತವಾಗಿ ತೋರಿದ್ದಿತು. ಆ ಸ್ಥಿರತೆಯನ್ನು ಉಳಿಸುವುದಕ್ಕಾಗಿಯೇ ೧೯೧೭ರಲ್ಲಿ ಅವನು ತನ್ನ ಸಮೀಕರಣಕ್ಕೆ ಒಂದು ಸ್ಥಿರಾಂಕವನ್ನು ಸೇರಿಸಿದ್ದನು. ನೀಹಾರಿಕೆಗಳು ದೂರವಿದ್ದಷ್ಟೂ ವೇಗವಾಗಿ ದೂರ ಸರಿಯುತ್ತಿವೆಯೆಂಬುದನ್ನು ೧೯೨೯ರಲ್ಲಿ ಹಬಲ್ಲನು ಪ್ರಕಟಿಸಿದನು. ೧೯೩೧ರಲ್ಲಿ ಐನ್‌ಸ್ಟೈನನು ಸ್ಥಿರವಿಶ್ವವನ್ನು ಕೈಬಿಟ್ಟನು. ಸಿದ್ಧಾಂತವೆಂದು ಹಿಡಿದುದನ್ನು ಪ್ರಮಾಣದ ಮುಂದೆ ಬಿಟ್ಟುದು ಅವನಿಗೆ ಸೋಲಲ್ಲ. ನಿಗ್ರಹಸ್ಥಾನಗಳು ಜಲ್ಪದಲ್ಲಿ ಅವಮಾನಕರವಾಗಬಹುದು. ವಾದದಲ್ಲಿ ಅವು ದಾರಿಯನ್ನು ತಿದ್ದುವ ಗುರುತುಗಳು.

೭

ಈ ಸಂಭಾಷಣೆಯು ಇನ್ನೂ ಮುಗಿದಿಲ್ಲ. ವಿಶ್ವವು ಹಿಗ್ಗುವ ವೇಗವನ್ನು ಈಗ ಎರಡು ಮಾರ್ಗಗಳಿಂದ ಕಂಡುಹಿಡಿಯುತ್ತಾರೆ. ವಿಶ್ವದ ಆದಿಕಾಲದಿಂದ ಉಳಿದುಬಂದಿರುವ ಕ್ಷೀಣವಿಕಿರಣವನ್ನು ಪ್ಲಾಂಕ್ ಎಂಬ ಉಪಗ್ರಹದಿಂದ ಅಳೆದು ಸಿದ್ಧಾಂತದ ಮೂಲಕ ಲೆಕ್ಕಹಾಕಿದರೆ, ಪ್ರತಿ ೩೨.೬ ಲಕ್ಷ ಜ್ಯೋತಿರ್ವರ್ಷಗಳ ದೂರಕ್ಕೆ ಸೆಕೆಂಡಿಗೆ ಸುಮಾರು ೬೭ ಕಿಲೋಮೀಟರು ಬರುತ್ತದೆ. ಸೀಫಿಯಿಡ್ ತಾರೆಗಳಿಂದಲೂ ಮಹಾನವ್ಯತಾರೆಗಳಿಂದಲೂ ಮೆಟ್ಟಿಲುಮೆಟ್ಟಿಲಾಗಿ ಅಳೆದಾಗ ಸುಮಾರು ೭೩ ಬರುತ್ತದೆ. ಪ್ರತಿಯೊಂದು ಮಾರ್ಗದ ಅಳತೆಯಲ್ಲಿಯೂ ಇರಬಹುದೆಂದು ಲೆಕ್ಕಹಾಕಿರುವ ದೋಷಾಂಶಕ್ಕಿಂತ ಇವೆರಡರ ಅಂತರವು ಬಹಳ ಹೆಚ್ಚಾಗಿದೆ. ಸಾಧ್ಯವನ್ನೂ ಅದರ ಅಭಾವವನ್ನೂ ಸಾಧಿಸುವ ಎರಡು ಹೇತುಗಳು ಸಮಬಲವಾಗಿ ಎದುರುಬದುರು ನಿಂತಲ್ಲಿ ಅದನ್ನು ಸತ್ಪ್ರತಿಪಕ್ಷವೆನ್ನುತ್ತಾರೆ. ಅಲ್ಲಿ ಯಾವುದೊಂದರಲ್ಲಿ ದೋಷವು ತೋರುವವರೆಗೂ ಅನುಮಿತಿಯು ತಡೆಯಲ್ಪಡುವುದೇ ಹೊರತು ಇಷ್ಟವಾದುದನ್ನು ಆರಿಸಿಕೊಳ್ಳುವುದಕ್ಕೆ ಅಧಿಕಾರವಿಲ್ಲ. ದೋಷವು ಅಳತೆಯಲ್ಲಿದೆಯೋ, ಎರಡು ಮಾರ್ಗಗಳನ್ನು ಕೂಡಿಸುವ ಸಿದ್ಧಾಂತದಲ್ಲಿದೆಯೋ ಎಂಬುದೇ ಈಗಿನ ವಿವಾದ.

ವಿದ್ಯಾರ್ಥಿಗಳಿಗೆ ೧೯೨೦ರ ಸಭೆಯ ಕಥೆಯನ್ನು ಹೇಳುವವರು, ಕರ್ಟಿಸನು ಗೆದ್ದನು, ಶ್ಯಾಪ್ಲಿಯು ಸೋತನು ಎಂದು ಮುಗಿಸುವುದುಂಟು. ಹಾಗೆ ಹೇಳಿದರೆ ವಾದವು ಜಲ್ಪವಾಗಿಬಿಡುತ್ತದೆ. ಸರಿಯಾದ ನಿರ್ಣಯದ ಜೊತೆಯಲ್ಲಿಯೇ ಕೆಟ್ಟ ಹೇತುವೂ, ತಪ್ಪಾದ ನಿರ್ಣಯದ ಜೊತೆಯಲ್ಲಿಯೇ ಒಳ್ಳೆಯ ಸಾಧನವೂ ಇರಬಹುದೆಂಬ ಪಾಠವು ಮರೆಯಾಗುತ್ತದೆ. ಪಕ್ಷವನ್ನು ಪಕ್ಷವಾಗಿ ಒಪ್ಪುವುದೂ ಬಿಡುವುದೂ ಸುಲಭ. ಅದರೊಳಗಿನ ಹೇತುಗಳನ್ನು ಬಿಡಿಸಿ, ನಿಲ್ಲುವುದಾವುದು, ಬೀಳುವುದಾವುದು ಎಂದು ತೂಗುವುದು ಕಷ್ಟ. ಗ್ರಂಥದ ಪಾಠವನ್ನು ನಿರ್ಣಯಿಸುವುದರಲ್ಲಿಯೂ, ಕವಿಯ ಕಾಲವನ್ನು ನಿಶ್ಚಯಿಸುವುದರಲ್ಲಿಯೂ ವಿದ್ವಾಂಸರು ಮಾಡಬೇಕಾದ ಕೆಲಸವು ಇದೇ ಆಗಿದೆ. ವಾದವೆಂಬ ಶಬ್ದಕ್ಕೆ ಅದರ ಹಳೆಯ ಅರ್ಥವು ಮರಳಿ ಬಂದರೆ, ನಕ್ಷತ್ರಗಳ ವಿಷಯದಲ್ಲಿ ಮಾತ್ರವಲ್ಲ, ಗ್ರಂಥಗಳ ವಿಷಯದಲ್ಲಿಯೂ ಪ್ರಯೋಜನವುಂಟು.