ನಿಮಗಿದು ಗೊತ್ತೇ? ದೋಣಿ ಮೋಟರಿನ ಸವೆದ ತಂತಿ

2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹರಿದಾಗ ಗಂಗಾವತಿ ತಾಲ್ಲೂಕಿನ ವಿರುಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ಅವರನ್ನು ದಡಕ್ಕೆ ತಂದದ್ದು ಮೋಟರ್ ದೋಣಿ ಮತ್ತು ಹೆಲಿಕಾಪ್ಟರ್. ಅಂಥ ಹೊತ್ತಲ್ಲಿ ಒಂದೇ ಒಂದು ಸವೆದ ತಂತಿ ಸಾಕು, ದೋಣಿ ದಡದಲ್ಲೇ ಉಳಿಯುತ್ತದೆ.

ಇದೇ ನದಿಯನ್ನು ಆನೆಗೊಂದಿಯ ಬಳಿ ಜನ ದಾಟುತ್ತಿದ್ದ ಬಗೆಯನ್ನು ಕೃಷ್ಣದೇವರಾಯನ ಕಾಲದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಬುಟ್ಟಿಯಂತೆ ದುಂಡಗಿನ ದೋಣಿ, 15–20 ಜನ. ನಮ್ಮ ಹರಿಗೋಲೇ ಅದು!

ಆ ಹರಿಗೋಲಿಗೆ ಮೋಟರ್ ಇರಲಿಲ್ಲ. ಈಗಿನ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರಿಗೆ ರಕ್ಷಣಾ ತಂಡದವರು ಹೇಳುವುದು ಓಬಿಎಂ (ಔಟ್‌ಬೋರ್ಡ್ ಮೋಟರ್) ಎಂದು. ನಾರ್ವೆಯಲ್ಲಿ ಹುಟ್ಟಿದ ಓಲೆ ಎವಿನ್‌ರೂಡ್ 1909ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಓಬಿಎಂನ ಬಲ 1.5 ಅಶ್ವಶಕ್ತಿ ಮಾತ್ರ.

ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಓಬಿಎಂಗೆ ಬ್ಯಾಟರಿ ಬೇಕಿಲ್ಲ. ಫ್ಲೈವೀಲ್‌ನ ಅಯಸ್ಕಾಂತ ಸುತ್ತಿದಾಗ ಅದರಡಿಯ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟಿ, ಕಿಡಿಯನ್ನು ನಿಯಂತ್ರಿಸುವ ಸಿಡಿಐ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ಇಗ್ನಿಷನ್ ಕಾಯಿಲ್ ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸಿ ಪ್ಲಗ್‌ನಲ್ಲಿ ಕಿಡಿ ಹಾರಿಸುತ್ತದೆ. ಹಲವು ಮೊಪೆಡ್, ಬೈಕುಗಳದ್ದೂ ಇದೇ ಏರ್ಪಾಡು. ಹಾಗಾಗಿ ನದಿಯಿಂದ ದೂರದ ಕುಷ್ಟಗಿ, ಯಲಬುರ್ಗಾದ ಬೈಕ್ ಮೆಕ್ಯಾನಿಕ್‌ಗೂ ‘ಪ್ಲಗ್‌ಗೆ ಕರೆಂಟ್ ಬರ್ತಿಲ್ಲ’ ಎಂಬ ರೋಗ ಹೊಸದಲ್ಲ.

ಕಿಡಿ ಸತ್ತರೆ ಮೊದಲು ಯಾರ ಮೇಲೆ ಅನುಮಾನ ಪಡಬೇಕು? ದುಬಾರಿ ಸಿಡಿಐ ಮೇಲಲ್ಲ, ಸ್ಟಾಪ್ ಸ್ವಿಚ್‌ನ ತಂತಿಯ ಮೇಲೆ. ಬಹುಪಾಲು ಓಬಿಎಂಗಳಲ್ಲಿ ಈ ತಂತಿ ಎಂಜಿನ್‌ನ ಲೋಹಕ್ಕೆ ತಾಗಿದ ಕೂಡಲೇ ಕಿಡಿ ನಿಲ್ಲುತ್ತದೆ. ಎಂಜಿನ್ ಆರಿಸುವ ಉಪಾಯವೇ ಅದು. ಅದುರಿ ಅದುರಿ ಹೊದಿಕೆ ಉಜ್ಜಿಹೋದರೆ, ಶೆಡ್‌ನಲ್ಲಿಟ್ಟಾಗ ಇಲಿ ಕಡಿದರೆ, ಸ್ವಿಚ್ ಮುಟ್ಟದೆಯೂ ಎಂಜಿನ್ ಆರಿದ ಸ್ಥಿತಿಯಲ್ಲೇ ಇರುತ್ತದೆ. ಪರೀಕ್ಷೆಗೆಂದು ಆ ತಂತಿಯನ್ನು ಬಿಡಿಸಿ ಹಗ್ಗ ಎಳೆಯಿರಿ. ಕಿಡಿ ಮರಳಿದರೆ ದೋಷ ಅಲ್ಲೇ ಇದೆ. ಇಷ್ಟು ನೋಡದೆ ಹೊಸ ಸಿಡಿಐ ಕೊಳ್ಳುವುದು ದುಡ್ಡು ನೀರಿಗೆ ಹಾಕಿದಂತೆ.

ಕಿಡಿ ನೋಡಲು ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಲೇಬೇಡಿ. ಅದರ ಲೋಹದ ಮೈ ಎಂಜಿನ್‌ಗೆ ಭದ್ರವಾಗಿ ತಾಗಿರಬೇಕು, ಪ್ಲಗ್ ಬಿಚ್ಚಿದ ರಂಧ್ರದಿಂದ ದೂರವಿರಬೇಕು. ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಆ ಕಿಡಿಯೇ ಸಾಕು.

ತುಂಡಾದ ತಂತಿಯನ್ನು ಹೊಸೆದು ಟೇಪ್ ಸುತ್ತಿದರೆ ಒಂದು ಮಳೆಗಾಲವೂ ಬಾಳುವುದು ಕಷ್ಟ. ತೇವ ಒಳಗಿಳಿದು ತಾಮ್ರ ಹಸಿರುಗಟ್ಟುತ್ತದೆ. ತವರ ಲೇಪಿಸಿದ ತಾಮ್ರದ ತಂತಿ ತನ್ನಿ, ಕ್ರಿಂಪ್ ಒತ್ತಿ ಜೋಡಿಸಿ, ಅದರ ಮೇಲೆ ಒಳಬದಿಯಲ್ಲಿ ಅಂಟು ಇರುವ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿ. ಬರೀ ಬೆಸುಗೆ ಬೇಡ. ಅದು ಗಡುಸಾದ ಕಡೆ, ಅದುರಿಕೆಗೆ ತಂತಿ ಮುರಿಯುತ್ತದೆ. ಫ್ಲೈವೀಲ್‌ಗೆ ತಾಗದಂತೆ ಜೋಡಿಸಿದ ತಂತಿಯನ್ನು ಮೊದಲಿದ್ದ ಹಾದಿಯಲ್ಲೇ ಕಟ್ಟಿ.

ಪ್ಲಗ್‌ಗೆ ಹೋಗುವ ದಪ್ಪ ತಂತಿಗೆ ಈ ಜೋಡಣೆ ನಡೆಯದು. ಅದನ್ನು ಬದಲಿಸಬೇಕು. ಅದು ಬಿರುಕು ಬಿಟ್ಟಿದ್ದರೆ ಕತ್ತಲಲ್ಲಿ ನೀಲಿ ಕಿಡಿ ಸೋರುವುದು ಕಣ್ಣಿಗೇ ಕಾಣುತ್ತದೆ.

ಚಾಲಕನ ಮೈಗೆ ಕಟ್ಟುವ ಸುರುಳಿ ಹಗ್ಗ ಇದೆಯಲ್ಲ, ಅದರ ಇನ್ನೊಂದು ತುದಿ ಇದೇ ಸ್ಟಾಪ್ ಸ್ವಿಚ್‌ನಲ್ಲಿದೆ. ಆತ ನೀರಿಗೆ ಬಿದ್ದರೆ ಹಗ್ಗ ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. ಪರೀಕ್ಷೆಗೆ ಬಿಡಿಸಿದ ತಂತಿಯನ್ನು ಮರಳಿ ಜೋಡಿಸದಿದ್ದರೆ ದೋಣಿ ಚಾಲಕನಿಲ್ಲದೆಯೇ ಓಡುತ್ತದೆ, ತಿರುಗುವ ರೆಕ್ಕೆ ಬಿದ್ದವನ ಮೇಲೇ ಬರಬಹುದು. ಆದ್ದರಿಂದ ಮೋಟರಿನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಚಾಲೂ ಮಾಡಿ, ಆ ಹಗ್ಗವನ್ನು ಕಿತ್ತು ನೋಡಿ. ಎಂಜಿನ್ ತಕ್ಷಣ ನಿಂತರೆ ಮಾತ್ರ ದುರಸ್ತಿ ಮುಗಿದಂತೆ.