ಸಾವಧಾನವೂ ಬೇಕು, ಅಕ್ಕಿಯೂ ಬೇಕು

2020ರ ಮಾರ್ಚ್ ತಿಂಗಳ ಕೊನೆಯ ವಾರ. ದೇಶದಾದ್ಯಂತ ಲಾಕ್‌ಡೌನ್ ಘೋಷಣೆಯಾಗಿ ಹೊಸಪೇಟೆಯ ಬೀದಿಗಳು ನಿರ್ಜನವಾಗಿದ್ದವು. ಹಂಪಿಯ ಸ್ಮಾರಕಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಸರ್ಕಾರಿ ಸೇವೆಯಿಂದ ನಿವೃತ್ತನಾದ ನನಗೆ ಜೀವನೋಪಾಯದ ಚಿಂತೆಯಿರಲಿಲ್ಲ. ಪಿಂಚಣಿ ತಪ್ಪದೆ ಬರುತ್ತಿತ್ತು. ಆದರೂ ನಿದ್ರೆ ಬರುತ್ತಿರಲಿಲ್ಲ. ಬೆಳಿಗ್ಗೆ ಸೋಂಕಿತರ ಸಂಖ್ಯೆ, ಸಂಜೆ ಮೃತರ ಸಂಖ್ಯೆ, ರಾತ್ರಿ ಟಿ.ವಿ. ಚರ್ಚೆ. ಜೀವಮಾನವಿಡೀ ಅಂಕಿಅಂಶಗಳೊಡನೆ ವ್ಯವಹರಿಸಿದವನನ್ನು ಅಂಕಿಗಳೇ ನುಂಗತೊಡಗಿದ್ದವು.

ವೈದ್ಯ ಮಿತ್ರರೊಬ್ಬರು ಸರಳ ಅಭ್ಯಾಸವೊಂದನ್ನು ಸೂಚಿಸಿದರು. ದಿನಕ್ಕೆ ಹತ್ತು ನಿಮಿಷ ಉಸಿರನ್ನು ಗಮನಿಸುವುದು; ಮನಸ್ಸು ಎತ್ತಲೋ ಓಡಿದರೆ ಅದನ್ನು ಗದರದೆ, ಓಡಿತೆಂದು ಗುರುತಿಸಿ ಮರಳಿ ಕರೆತರುವುದು. ಇಂಗ್ಲಿಷಿನವರು ‘ಮೈಂಡ್‌ಫುಲ್‌ನೆಸ್’ ಎನ್ನುವ ಇದನ್ನು ‘ಸಾವಧಾನ’ ಎನ್ನಬಹುದು. ನಮ್ಮ ಕಡೆಯ ಮದುವೆಗಳಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಪುರೋಹಿತರು ಕೂಗಿ ಹೇಳುವುದೂ ಅದನ್ನೇ. ಬೌದ್ಧ ಸಾಧನೆಯಲ್ಲಿ ಮೂಲವಿರುವ ಈ ಕ್ರಮವನ್ನು 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ರೋಗಿಗಳಿಗೆ ಕಲಿಸತೊಡಗಿದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ನೆನಪಾದದ್ದು ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್. ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬಡತನ ಬರುತ್ತದೆಂದು ಅವರು 1971ರಲ್ಲಿಯೇ ಎಚ್ಚರಿಸಿದ್ದರು. ಗಮನವೂ ಮಿತ ಸಂಪನ್ಮೂಲವೇ. ಅದನ್ನು ಭೀತಿಗೆ ಪೂರ್ತಿ ಒಪ್ಪಿಸದೆ ಕಾಯ್ದುಕೊಳ್ಳುವುದೂ ಒಂದು ಬಗೆಯ ಮಿತವ್ಯಯ. ಸುದ್ದಿಯನ್ನು ದಿನಕ್ಕೊಮ್ಮೆಗೆ ಇಳಿಸಿ, ಹತ್ತು ನಿಮಿಷ ಸುಮ್ಮನೆ ಕುಳಿತೆ. ಕೆಲವು ವಾರಗಳಲ್ಲಿ ನಿದ್ರೆ ಮರಳಿತು.

ಉತ್ಸಾಹದಿಂದ ಇದನ್ನೇ ಹಂಪಿಯ ಪರಿಚಿತ ಪ್ರವಾಸಿ ಮಾರ್ಗದರ್ಶಕರೊಬ್ಬರಿಗೆ ಫೋನಿನಲ್ಲಿ ಉಪದೇಶಿಸಿದೆ. ಪ್ರವಾಸಿಗರಿಲ್ಲದೆ ಅವರ ಆದಾಯ ಪೂರ್ತಿ ನಿಂತಿತ್ತು. ‘ಉಸಿರು ತಾನೇ ಆಡ್ತದ್ರೀ ಸಾರ್, ಒಲೆ ತಾನೇ ಉರಿಯಂಗಿಲ್ಲ’ ಎಂದರು. ನನಗೆ ನಾಚಿಕೆಯಾಯಿತು. ಸಂಡೂರಿನ ತಾಂಡಾಗಳಲ್ಲಿ ಕಸೂತಿಯ ಒಂದೊಂದು ಹೊಲಿಗೆಗೂ ಚಿತ್ತವಿಡುವ ಲಂಬಾಣಿ ಮಹಿಳೆಯರಿಗೆ ಏಕಾಗ್ರತೆಯನ್ನು ಯಾರೂ ಕಲಿಸಬೇಕಿಲ್ಲ. ಅವರ ಕೈಕೆಲಸಕ್ಕೆ ಕೊಳ್ಳುವವರು ಬೇಕು. ಕೂಲಿ ನಿಂತವನ ಆತಂಕ ಮನಸ್ಸಿನ ದೋಷವಲ್ಲ, ವಾಸ್ತವದ ಸರಿಯಾದ ಗ್ರಹಿಕೆ. ಅಲ್ಲಿ ಮೊದಲು ತಲುಪಬೇಕಾದದ್ದು ಪಡಿತರ ಮತ್ತು ಕೆಲಸ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸಾವಧಾನದ ಸ್ವಭಾವವುಳ್ಳವರಲ್ಲಿ ಆತಂಕ, ಖಿನ್ನತೆ ಕಡಿಮೆ ಎಂದು ಸಾಂಕ್ರಾಮಿಕದ ಕಾಲದ ಹಲವು ಸಮೀಕ್ಷೆಗಳು ಹೇಳಿದವು. ಆದರೆ ಎರಡು ಸಂಗತಿಗಳು ಜೊತೆಗೆ ಕಂಡುಬಂದ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವಾಗದು. ನೆಮ್ಮದಿ ಉಳ್ಳವನಿಗೆ ಸಾವಧಾನ ಸುಲಭವೂ ಇರಬಹುದು. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಅಷ್ಟು ದೊಡ್ಡ ಹೊರೆಯನ್ನು ಹತ್ತು ನಿಮಿಷದ ಉಸಿರಾಟದ ಮೇಲೆ ಹೊರಿಸಲಾಗದು.

ಹಾಗಾದರೆ ಇದರ ಪ್ರಯೋಜನವೇನು? ಅದು ನನಗೆ ತಿಳಿದದ್ದು ಎರಡನೆಯ ಅಲೆಯಲ್ಲಿ. 2021ರ ಮೇ ತಿಂಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಸಿದ್ಧವಾಗುತ್ತಿದ್ದ ದಿನಗಳಲ್ಲಿಯೇ ಕಂಪ್ಲಿಯಲ್ಲಿದ್ದ ನನ್ನ ಅಣ್ಣ ಸೋಂಕಿನಿಂದ ತೀರಿಕೊಂಡರು. ಮುಖ ನೋಡಲೂ ಆಗಲಿಲ್ಲ. ಸಾವಧಾನ ಆ ದುಃಖವನ್ನು ಕಡಿಮೆ ಮಾಡಲಿಲ್ಲ. ಆದರೆ ‘ಇದು ದುಃಖ, ಇದು ಭಯ’ ಎಂದು ಬೇರ್ಪಡಿಸಿ ನೋಡಲು ನೆರವಾಯಿತು. ಭಯವನ್ನು ಬದಿಗಿಟ್ಟು ಅತ್ತಿಗೆಗೆ ದಿನವೂ ಫೋನು ಮಾಡಿದೆ. ಆಕೆ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡೆ.

ಸಾವಧಾನ ರಕ್ಷಾಕವಚವಲ್ಲ, ಪೆಟ್ಟು ಬಿದ್ದಾಗ ನೆಲದ ಮೇಲೆ ಕಾಲೂರಿ ನಿಲ್ಲುವ ರೂಢಿ. ರೂಢಿ ಸಂಕಟದ ದಿನ ಹುಟ್ಟುವುದಿಲ್ಲ. ನೆಮ್ಮದಿಯ ದಿನಗಳಲ್ಲಿ ಶಾಲೆಯಲ್ಲಿ, ಮನೆಯಲ್ಲಿ ಬೆಳೆಯಬೇಕು. ಅದೂ ಸಾಲದಾದಾಗ ವೈದ್ಯರನ್ನು ಕಾಣಲು ಸಂಕೋಚ ಬೇಡ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದು ಪಡಿತರ ಚೀಟಿಯಷ್ಟೇ ಪರಿಚಿತವಾಗಬೇಕು. ಮುಂದಿನ ಸಾಂಕ್ರಾಮಿಕಕ್ಕೆ ಸರ್ಕಾರ ಮಾಡಿಕೊಳ್ಳುವ ಸಿದ್ಧತೆಯಲ್ಲಿ ಹಾಸಿಗೆ, ಆಮ್ಲಜನಕ, ಅಕ್ಕಿಗಳ ಜೊತೆಗೆ ಮನಸ್ಸಿನ ಆರೈಕೆಗೂ ಒಂದು ಬಾಬತ್ತು ಇರಲಿ.